ಮಿದುಳಿನ ಆಂಟಾಲಜಿ: ಅಟ್ಲಾಸ್ ಹೆಸರುಗಳನ್ನು ‘ಸಮಾನ’ ಎಂದು ಜೋಡಿಸಿದ ಮೇಲೆ ಅರ್ಧ ಕಾರ್ಟೆಕ್ಸ್ ಕೆಂಪಾಗಿದೆ, ಎಲ್ಲಿ ತಪ್ಪಿದೆ?

ಪ್ರಶ್ನೆ · ನರನಕ್ಷೆ

ನಮಸ್ಕಾರ. ಸ್ಕಿಜೋಫ್ರೀನಿಯಾ ಮತ್ತು ತೀವ್ರ ಖಿನ್ನತೆಗೆ ಸಂಬಂಧಿಸಿದ ಮಿದುಳಿನ ದತ್ತಾಂಶವನ್ನೆಲ್ಲ ಒಂದೇ ಕಡೆ ಹುಡುಕಲು ಬರುವಂತೆ ಔಲ್ 2ರಲ್ಲಿ (ತರ್ಕದ ಸೂತ್ರ ಬರೆಯುವ ಭಾಷೆ) ಆಂಟಾಲಜಿ, ಅಂದರೆ ವರ್ಗಗಳನ್ನೂ ಅವುಗಳ ಸಂಬಂಧಗಳನ್ನೂ ಕಂಪ್ಯೂಟರ್ ಓದುವಂತೆ ಬರೆದ ವ್ಯವಸ್ಥೆ, ಕಟ್ಟುತ್ತಿದ್ದೇವೆ. ದತ್ತಾಂಶ ಮೂರು ಬಗೆಯದು. ಎಂಆರ್‌ಐನಿಂದ ಫ್ರೀಸರ್ಫರ್ ತಂತ್ರಾಂಶ ತೆಗೆದ ಘನಗಾತ್ರ, ದಪ್ಪದ ಅಳತೆಗಳು ಡೆಸಿಕನ್-ಕಿಲಿಯನಿ ಅಟ್ಲಾಸ್‌ನ (ಮಿದುಳನ್ನು ಹೆಸರಿಟ್ಟ ಪ್ರದೇಶಗಳಾಗಿ ಒಡೆದ ನಕ್ಷೆಯ) ಹೆಸರುಗಳಲ್ಲಿವೆ. ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯ ಸ್ಕ್ಯಾನ್) ಫಲಿತಾಂಶಗಳು ಎಎಎಲ್ ಎಂಬ ಇನ್ನೊಂದು ಅಟ್ಲಾಸ್‌ನ ಹೆಸರುಗಳಲ್ಲಿವೆ. ಮರಣೋತ್ತರ ಅಂಗಾಂಶದ ಅಧ್ಯಯನಗಳು ಕಾರ್ಟೆಕ್ಸ್‌ನ (ಮಿದುಳಿನ ಹೊರಪದರದ) ಪ್ರದೇಶಗಳಿಗೆ ಬ್ರಾಡ್‌ಮನ್ ಕೊಟ್ಟ ಸಂಖ್ಯೆಗಳಲ್ಲಿವೆ. ಅಂಗರಚನೆಯ ಬೆನ್ನೆಲುಬಿಗೆ ಯೂಬೆರಾನ್ (ಹಲವು ಪ್ರಾಣಿಗಳ ಅಂಗರಚನೆಯ ಆಂಟಾಲಜಿ) ತೆಗೆದುಕೊಂಡು, ಮೂರನ್ನೂ ಅದಕ್ಕೆ ‘ಸಮಾನ ವರ್ಗ’ ಎಂದು ಕಟ್ಟಿದ್ದೇವೆ.

ಈಗ ಮೂರು ತೊಂದರೆ.

1. ಡಾರ್ಸೊಲ್ಯಾಟರಲ್ ಪ್ರಿಫ್ರಂಟಲ್ ಕಾರ್ಟೆಕ್ಸ್ ಬ್ರಾಡ್‌ಮನ್ 46ಕ್ಕೆ ಸಮಾನ, ಬ್ರಾಡ್‌ಮನ್ 9ಕ್ಕೂ ಸಮಾನ, ಫ್ರೀಸರ್ಫರ್‌ನ ‘ರಾಸ್ಟ್ರಲ್ ಮಿಡ್ಲ್ ಫ್ರಂಟಲ್’ಗೂ ಸಮಾನ ಎಂದು ಬರೆದಿದ್ದೇವೆ. ಬ್ರಾಡ್‌ಮನ್ ಪ್ರದೇಶಗಳು ಒಂದಕ್ಕೊಂದು ಸೇರುವುದಿಲ್ಲ ಎಂದೂ ಬರೆದಿದ್ದೇವೆ. ರೀಸನರ್ (ಸೂತ್ರಗಳಿಂದ ತೀರ್ಮಾನ ತೆಗೆಯುವ ತಂತ್ರಾಂಶ) ಓಡಿಸಿದರೆ ಆಂಟಾಲಜಿ ತಿದ್ದುವ ಪ್ರೊಟೆಜೆ ತಂತ್ರಾಂಶದಲ್ಲಿ ಸಾಲುಸಾಲು ವರ್ಗಗಳು ಕೆಂಪಾಗುತ್ತವೆ, ಅಂದರೆ ಅವುಗಳಲ್ಲಿ ವಿರೋಧಾಭಾಸ ಇದೆ.

2. ‘ಪ್ರತಿ ಮಿದುಳಿಗೂ ಸರಿಯಾಗಿ 2 ಹಿಪೊಕ್ಯಾಂಪಸ್’ ಎಂದು ಸಂಖ್ಯಾ ನಿರ್ಬಂಧ ಹಾಕಿದರೆ ಹರ್ಮಿಟ್ ಎಂಬ ರೀಸನರ್ ಓಡುವುದೇ ಇಲ್ಲ. ಎಲ್ಕ್ ಎಂಬ ಇನ್ನೊಂದು ರೀಸನರ್ ಓಡುತ್ತದೆ, ಆದರೆ ಒಂದು ಕಡೆಯ ಹಿಪೊಕ್ಯಾಂಪಸ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ವ್ಯಕ್ತಿಯ ದಾಖಲೆ ಸೇರಿಸಿದಾಗ ಏನೂ ದೂರು ಹೇಳುವುದಿಲ್ಲ.

3. ‘ಸ್ಕಿಜೋಫ್ರೀನಿಯಾ ಇದ್ದವರಿಗೆ ಹಿಪೊಕ್ಯಾಂಪಸ್ ಘನಗಾತ್ರ ಕಡಿಮೆ’ ಎಂಬುದನ್ನು ಉಪವರ್ಗದ ಸೂತ್ರವಾಗಿ ಬರೆದಿದ್ದೇವೆ. ಈಗ ಸ್ಕ್ಯಾನ್ ಸಾಮಾನ್ಯವಾಗಿರುವವರಿಗೂ ಆ ಲಕ್ಷಣ ತಾನಾಗಿ ಅಂಟಿಕೊಳ್ಳುತ್ತಿದೆ.

ಯೂಬೆರಾನ್ ಬಿಟ್ಟು ಎಫ್‌ಎಂಎಗೆ (ಮನುಷ್ಯನ ಅಂಗರಚನೆಯ ಆಂಟಾಲಜಿ) ಹೋದರೆ ಮೊದಲನೆಯದು ಸರಿಹೋಗುತ್ತದೆಯೇ ಎಂಬ ಪ್ರಶ್ನೆಯೂ ಇದೆ.

ಉತ್ತರ 1 · ಪದರಗೆರೆ

ಆಂಟಾಲಜಿ ಬದಲಿಸಿದರೆ ಮೊದಲನೆಯದು ಸರಿಹೋಗುವುದಿಲ್ಲ. ತಪ್ಪು ಯೂಬೆರಾನ್‌ನಲ್ಲಿಲ್ಲ, ಜೋಡಣೆಯಲ್ಲಿದೆ.

ಕೆಂಪಿನ ಕಾರಣ ಮೊದಲು. ಒಂದೇ ವರ್ಗ 46ಕ್ಕೂ 9ಕ್ಕೂ ಸಮಾನವಾದರೆ 46, 9 ಒಂದೇ ಆಗುತ್ತವೆ. ಅವೆರಡೂ ಸೇರುವುದಿಲ್ಲ ಎಂದು ನೀವೇ ಹೇಳಿದ್ದೀರಿ. ಹಾಗಾಗಿ ಸಮಾನ ಎಂದು ಕಟ್ಟಿದ ಆ ಯಾವ ವರ್ಗಕ್ಕೂ ನಿದರ್ಶನವೇ (ವರ್ಗಕ್ಕೆ ಸೇರುವ ನಿಜವಾದ ವಸ್ತುವೇ) ಇರಲಾರದು. ಅಷ್ಟಕ್ಕೇ ನಿಲ್ಲುವುದಿಲ್ಲ: ‘ಯಾವುದಾದರೂ ಡಾರ್ಸೊಲ್ಯಾಟರಲ್ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಭಾಗ’ ಎಂದು ಬರೆದ ಪ್ರತಿ ವರ್ಗವೂ, ಅದರ ಕೆಳಗಿನ ಪದರಗಳು, ಜೀವಕೋಶಗಳು ಎಲ್ಲವೂ ಅದರ ಹಿಂದೆಯೇ ಬೀಳುತ್ತವೆ. ಆದ್ದರಿಂದ ಕೆಂಪಾದವುಗಳನ್ನು ಒಂದೊಂದಾಗಿ ರಿಪೇರಿ ಮಾಡಲು ಕೂರಬೇಡಿ. ಪ್ರೊಟೆಜೆಯ ವಿವರಣೆ ಗುಂಡಿ ಅಥವಾ ರೋಬಾಟ್ ಎಂಬ ಆಂಟಾಲಜಿ ಸಾಧನದ ‘ಎಕ್ಸ್‌ಪ್ಲೇನ್’ ಆಜ್ಞೆ ಬಳಸಿ, ಬೇರೆ ಕೆಂಪು ವರ್ಗದ ಮೇಲೆ ಒರಗದೆ ತಾನೇ ಕೆಂಪಾದದ್ದು ಯಾವುದೆಂದು ಹುಡುಕಿ. ಸಾಮಾನ್ಯವಾಗಿ ಅಂಥವು ಎರಡೋ ಮೂರೋ ಇರುತ್ತವೆ.

ಈಗ ಮೂಲ ವಿಚಾರ. ನಿಮ್ಮ ಮೂರು ಹೆಸರಿನ ಪಟ್ಟಿಗಳು ಮೂರು ಬೇರೆ ಬಗೆಯ ಗಡಿಗಳನ್ನು ಎಳೆಯುತ್ತವೆ. ಬ್ರಾಡ್‌ಮನ್ 1909ರಲ್ಲಿ ಗಡಿ ಎಳೆದದ್ದು ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಕೋಶಗಳ ಪದರವಿನ್ಯಾಸದ ಮೇಲೆ. ಡೆಸಿಕನ್-ಕಿಲಿಯನಿ ಅಟ್ಲಾಸ್, 2006ರದು, ಪ್ರತಿ ಅರ್ಧಗೋಳದ ಕಾರ್ಟೆಕ್ಸನ್ನು ಗೈರಸ್‌ಗಳ (ಮಡಿಕೆಗಳ ಉಬ್ಬುಗಳ) ಆಧಾರದಲ್ಲಿ 34 ತುಂಡು ಮಾಡುತ್ತದೆ. ಎಎಎಲ್, 2002ರದು, ಒಬ್ಬನೇ ವ್ಯಕ್ತಿಯ ಮಿದುಳಿನ ಮೇಲೆ, ಅಂದರೆ ಕೋಲಿನ್27 ಚಿತ್ರದ ಮೇಲೆ, ಸಲ್ಕಸ್‌ಗಳನ್ನು (ಉಬ್ಬುಗಳ ನಡುವಿನ ಕಂದಕಗಳನ್ನು) ನೋಡಿಕೊಂಡು ಗೆರೆ ಎಳೆದದ್ದು. ಡಾರ್ಸೊಲ್ಯಾಟರಲ್ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬುದಂತೂ ಬಹುಮಟ್ಟಿಗೆ ಕಾರ್ಯದ ಲೆಕ್ಕದಲ್ಲಿ ಬಂದ ಹೆಸರು. ಅದಕ್ಕೆ ಅಂಗಾಂಶದಲ್ಲಿ ಒಂದು ಖಚಿತ ಅಂಚಿಲ್ಲ, ನಾವು ಒಪ್ಪಿಕೊಂಡ ಗಡಿ ಮಾತ್ರ ಇದೆ. ಜೊತೆಗೆ 9 ಮತ್ತು 46ರ ಗಡಿ ವ್ಯಕ್ತಿಯಿಂದ ವ್ಯಕ್ತಿಗೆ ಸರಿಯುತ್ತದೆ ಎಂಬುದು 1995ರಿಂದಲೇ ಗೊತ್ತಿರುವ ಸಂಗತಿ. ಇಂಥವುಗಳ ನಡುವೆ ‘ಸಮಾನ’ ಎಂಬ ಚಿಹ್ನೆಗೆ ಜಾಗವೇ ಇಲ್ಲ.

ಆದ್ದರಿಂದ ಅಟ್ಲಾಸ್ ಹೆಸರುಗಳನ್ನು ಅಂಗರಚನೆಯ ವರ್ಗಗಳ ಸಾಲಿನಿಂದ ಹೊರಗೆ ತೆಗೆಯಿರಿ. ಅಟ್ಲಾಸ್‌ನ ಗುರುತು ಒಂದು ಮಾಹಿತಿ, ಅಂಗಾಂಶವಲ್ಲ. ಫ್ರೀಸರ್ಫರ್‌ನಲ್ಲಿ 17 ಎಂದರೆ ಎಡ ಹಿಪೊಕ್ಯಾಂಪಸ್, 53 ಬಲದ್ದು. 18 ಎಡ ಅಮಿಗ್ಡಲಾ, 54 ಬಲದ್ದು. 1027 ಎಡ ರಾಸ್ಟ್ರಲ್ ಮಿಡ್ಲ್ ಫ್ರಂಟಲ್, 2027 ಬಲದ್ದು. ಇವು ಒಂದು ತಂತ್ರಾಂಶದ, ಒಂದು ಆವೃತ್ತಿಯ ಗುರುತುಗಳು. ಪ್ರತಿ ಗುರುತಿಗೂ ಅಟ್ಲಾಸ್ ಹೆಸರು, ಆವೃತ್ತಿ, ಪಾರ್ಶ್ವ, ಟೆಂಪ್ಲೇಟ್ (ಹೋಲಿಕೆಗೆ ಆಧಾರವಾದ ಮಾದರಿ ಮಿದುಳು) ಇವನ್ನು ದಾಖಲಿಸಿ. ಅದು ತೋರಿಸುವ ಪ್ರದೇಶವನ್ನು ಅಂಗರಚನೆಯ ವರ್ಗಕ್ಕೆ ‘ಪಾರ್ಟ್ ಆಫ್’ (ಇದರ ಭಾಗ) ಅಥವಾ ‘ಓವರ್‌ಲ್ಯಾಪ್ಸ್’ (ಇದರ ಮೇಲೆ ಸ್ವಲ್ಪ ಹರಡಿದೆ) ಸಂಬಂಧದಿಂದ ಕಟ್ಟಿ. ಓವರ್‌ಲ್ಯಾಪ್ಸ್ ಸಂಬಂಧ ಮುಂದಕ್ಕೆ ದಾಟುವುದಿಲ್ಲ, ಅದೇ ಅದರ ಗುಣ: ಮೊದಲನೆಯದು ಎರಡನೆಯದರ ಮೇಲೆ ಸ್ವಲ್ಪ ಹರಡಿದೆ, ಎರಡನೆಯದು ಮೂರನೆಯದರ ಮೇಲೆ ಸ್ವಲ್ಪ ಹರಡಿದೆ ಎಂದ ಮಾತ್ರಕ್ಕೆ ಮೊದಲನೆಯದು ಮೂರನೆಯದನ್ನು ಮುಟ್ಟಬೇಕಿಲ್ಲ.

ಹಿಪೊಕ್ಯಾಂಪಸ್ ಇದಕ್ಕಿಂತ ಸುಲಭ ಎನಿಸುತ್ತದೆ, ಆದರೆ ಅಲ್ಲೇ ಹೆಚ್ಚು ಜನ ಜಾರುತ್ತಾರೆ. ಯೂಬೆರಾನ್‌ನಲ್ಲಿ 0001954 ಅಮನ್ಸ್ ಹಾರ್ನ್, ಅಂದರೆ ಹಿಪೊಕ್ಯಾಂಪಸ್ ಒಳಗಿನ ಸಿಎ1, ಸಿಎ2 ಮುಂತಾದ ಸಿಎ ಪ್ರದೇಶಗಳು ಮಾತ್ರ. 0002421 ಹಿಪೊಕ್ಯಾಂಪಲ್ ಫಾರ್ಮೇಶನ್, ಇದು ದೊಡ್ಡದು. ಡೆಂಟೇಟ್ ಗೈರಸ್ ಮುಂತಾದವು ಇದರ ಕೆಳಗೆ ಬರುತ್ತವೆ. ‘ಹಿಪೊಕ್ಯಾಂಪಸ್’ ಎಂಬ ಪದವನ್ನು ಹೆಸರು ಹೊಂದಿಸಿ ಹುಡುಕಿದರೆ ಎರಡರಲ್ಲಿ ಯಾವುದಕ್ಕಾದರೂ ಹೋಗಿ ಬೀಳಬಹುದು. ಫ್ರೀಸರ್ಫರ್‌ನ 17, 53 ಗುರುತಿನೊಳಗೆ ಸಿಎ, ಡೆಂಟೇಟ್, ಜೊತೆಗೆ ಸಬಿಕ್ಯುಲಮ್‌ನ ಪಾಲೂ ಇರುತ್ತದೆ, ಹಾಗಾಗಿ ಅಮನ್ಸ್ ಹಾರ್ನ್‌ಗೆ ಕಟ್ಟಿದರೆ ಖಂಡಿತ ತಪ್ಪು. ಉಪಪ್ರದೇಶಗಳ ಮಾಡ್ಯೂಲ್ ಬಳಸುವುದಾದರೆ ಇನ್ನೊಂದು ಎಚ್ಚರ: ಅದರಲ್ಲಿ ‘ಸಿಎ3’ ಎಂಬ ಗುರುತಿನೊಳಗೇ ಸಿಎ2 ಕೂಡ ಸೇರಿದೆ, ಬಾಲದ ಭಾಗವನ್ನು ಒಡೆಯದೆ ಒಂದೇ ಗುರುತಾಗಿ ಇಟ್ಟಿದ್ದಾರೆ. ಮರಣೋತ್ತರ ಅಧ್ಯಯನದ ಸಿಎ3ರ ಜೀವಕೋಶ ಎಣಿಕೆಯನ್ನು ಆ ‘ಸಿಎ3’ ಘನಗಾತ್ರದ ಪಕ್ಕ ಇಟ್ಟು ಹೋಲಿಸಿದರೆ ಹೋಲಿಕೆಯೇ ಸುಳ್ಳು.

ಉತ್ತರ 2 · ವೋಕ್ಸೆಲ್ ಲೆಕ್ಕ

ಪದರಗೆರೆಯವರು ಹೇಳಿದ ಓವರ್‌ಲ್ಯಾಪ್ ಎಷ್ಟು ಎಂಬುದನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ, ಅಳೆಯಿರಿ. ಅಳೆಯುವಾಗ ಆಗುವ ತಪ್ಪುಗಳು ಇವು.

ಎರಡೂ ಅಟ್ಲಾಸ್‌ಗಳು ಒಂದೇ ಟೆಂಪ್ಲೇಟ್‌ನಲ್ಲಿರಬೇಕು. ‘ಎಂಎನ್‌ಐ152’ ಎಂಬ ಹೆಸರಿನಲ್ಲೇ ಹಲವು ಟೆಂಪ್ಲೇಟ್‌ಗಳಿವೆ. ಎಫ್‌ಎಸ್‌ಎಲ್ ತಂತ್ರಾಂಶದ ಜೊತೆ ಬರುವ 6ನೇ ಪೀಳಿಗೆಯದು ಬೇರೆ, 2009ಸಿ ಬೇರೆ. ಮರುಮಾದರಿ ಮಾಡುವಾಗ ಸಮೀಪದ ನೆರೆಯ ಬೆಲೆ ತೆಗೆದುಕೊಳ್ಳುವ ವಿಧಾನವನ್ನೇ ಆರಿಸಿ. ರೇಖೀಯ ಇಂಟರ್‌ಪೊಲೇಶನ್ ಬಿಟ್ಟರೆ ಗುರುತುಗಳು ಸರಾಸರಿಯಾಗುತ್ತವೆ: 10ರ ಥಲಮಸ್ ಮತ್ತು 12ರ ಪ್ಯುಟಮೆನ್ ನಡುವಿನ ವೋಕ್ಸೆಲ್ (ಸ್ಕ್ಯಾನ್‌ನ ಅತಿ ಚಿಕ್ಕ ಘನತುಂಡು) ಕಾಡೇಟ್‌ನ ಗುರುತಾದ 11 ಎಂದು ಬಂದು, ಇಲ್ಲದ ಜಾಗದಲ್ಲಿ ಕಾಡೇಟ್ ಹುಟ್ಟುತ್ತದೆ.

ಅತಿವ್ಯಾಪ್ತಿಯನ್ನು ಎರಡೂ ದಿಕ್ಕಿನಲ್ಲಿ ಬರೆಯಿರಿ. ಡೈಸ್ ಸೂಚ್ಯಂಕ (ಎರಡಕ್ಕೂ ಸೇರಿದ ಪಾಲಿನ ಎರಡರಷ್ಟನ್ನು ಎರಡೂ ಗಾತ್ರಗಳ ಮೊತ್ತದಿಂದ ಭಾಗಿಸಿದ್ದು) ಒಂದೇ ಸಾಲದು. ಒಂದು ಪ್ರದೇಶ 1,000 ವೋಕ್ಸೆಲ್, ಇನ್ನೊಂದು 4,000, ಎರಡಕ್ಕೂ ಸೇರಿದ್ದು 900 ಎಂದುಕೊಳ್ಳಿ. ಚಿಕ್ಕದರ ಶೇ 90 ದೊಡ್ಡದರೊಳಗಿದೆ, ದೊಡ್ಡದರ ಶೇ 22.5 ಮಾತ್ರ ಚಿಕ್ಕದರೊಳಗಿದೆ. ಡೈಸ್ ಬರುವುದು 0.36. ಆ ಒಂದು ಸಂಖ್ಯೆ ನೋಡಿದವರು ‘ಸಂಬಂಧ ದುರ್ಬಲ’ ಎನ್ನುತ್ತಾರೆ, ನಿಜದಲ್ಲಿ ಅದು ಬಹುತೇಕ ಭಾಗ-ಪೂರ್ಣದ ಸಂಬಂಧ. ಒಂದು ದಿಕ್ಕಿನಲ್ಲಿ 0.95 ದಾಟಿದರೆ ಪಾರ್ಟ್ ಆಫ್‌ಗೆ ಅಭ್ಯರ್ಥಿ ಎಂದು ಇಟ್ಟುಕೊಂಡು, ಅಂಗರಚನೆ ಬಲ್ಲವರಿಂದ ನೋಡಿಸಿ ಒಪ್ಪಿಗೆ ಪಡೆಯಿರಿ. ಸಂಖ್ಯೆಯೊಂದನ್ನೇ ನಂಬಿ ತಾನಾಗಿ ಸೂತ್ರ ಬರೆಯುವ ಸ್ಕ್ರಿಪ್ಟ್ ಬೇಡ.

ಬ್ರಾಡ್‌ಮನ್ ಸಂಖ್ಯೆಗೆ ಮಾತ್ರ ಈ ಲೆಕ್ಕ ಹಾಕುವ ಮೊದಲು ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿ. ಅಂಗಾಂಶ ಕತ್ತರಿಸಿ, ಬಣ್ಣ ಹಾಕಿ ಗುರುತಿಸಿದ 46 ಒಂದು. ಎಫ್‌ಎಂಆರ್‌ಐ ಲೇಖನದ ಕೋಷ್ಟಕದಲ್ಲಿ ಟಲೈರಾಕ್ ನಿರ್ದೇಶಾಂಕದಿಂದ ಬಂದ 46 ಇನ್ನೊಂದು. 1988ರ ಟಲೈರಾಕ್ ಅಟ್ಲಾಸ್ ಒಬ್ಬ 60 ವರ್ಷದ ಮಹಿಳೆಯ ಮರಣೋತ್ತರ ಮಿದುಳಿನದು, ಅದರಲ್ಲಿನ ಬ್ರಾಡ್‌ಮನ್ ಸಂಖ್ಯೆಗಳನ್ನು ಆ ಮಿದುಳಿನ ಅಂಗಾಂಶ ಪರೀಕ್ಷಿಸಿ ಇಟ್ಟಿಲ್ಲ, ಬ್ರಾಡ್‌ಮನ್ ಚಿತ್ರ ನೋಡಿ ಅಂದಾಜಿನಲ್ಲಿ ಇಟ್ಟದ್ದು. ಈ ಎರಡು 46ಗಳಿಗೆ ಎರಡು ಬೇರೆ ಗುರುತು ಕೊಡಿ. ಜೀವಕೋಶ ವಿನ್ಯಾಸದ ಸಂಭಾವ್ಯ ನಕ್ಷೆ ಬೇಕೆಂದರೆ 2020ರ ಯೂಲಿಶ್ ಬ್ರೈನ್ ಇದೆ. ಅದರಲ್ಲಿ ಹಲವು ಮಿದುಳುಗಳಿಂದ ಬಂದ ಸಂಭಾವ್ಯತೆ ಪ್ರತಿ ವೋಕ್ಸೆಲ್‌ಗೂ ಸಿಗುತ್ತದೆ.

ಡೆಸ್ಟ್ರಿಯೊ ಅಟ್ಲಾಸನ್ನೂ ಮುಂದೆ ಸೇರಿಸುವುದಾದರೆ, ಅದರ 74 ಗುರುತುಗಳಲ್ಲಿ ಸಲ್ಕಸ್‌ಗಳೂ ಇವೆ. ಬಿಎಫ್‌ಒ (ಹಲವು ಆಂಟಾಲಜಿಗಳಿಗೆ ತಳಹದಿಯಾದ ಆಂಟಾಲಜಿ) ಲೆಕ್ಕದಲ್ಲಿ ಸಲ್ಕಸ್ ಎಂದರೆ ಕಂದಕ, ದ್ರವ್ಯವಿಲ್ಲದ ಜಾಗ. ಜಾಗಕ್ಕೆ ‘ದಪ್ಪ 2.4 ಮಿ.ಮೀ.’ ಎಂದು ಬರೆಯಲಾಗದು. ಡೆಸ್ಟ್ರಿಯೊ ಗುರುತಿನ ಅರ್ಥ ‘ಆ ಸಲ್ಕಸ್‌ನ ಗೋಡೆಗೆ ಹೊದಿಸಿದಂತಿರುವ ಕಾರ್ಟೆಕ್ಸ್’. ಹೆಸರನ್ನೂ ಹಾಗೇ ಇಡಿ.

ಉತ್ತರ 3 · ಎಲ್ಲ-ಕೆಲವು

ಎರಡನೇ ಪ್ರಶ್ನೆಗೆ.

ಹರ್ಮಿಟ್ ಓಡದಿರಲು ಕಾರಣ ದತ್ತಾಂಶವಲ್ಲ, ಭಾಷೆಯ ನಿಯಮ. ಹ್ಯಾಸ್ ಪಾರ್ಟ್ (ಇದನ್ನು ಭಾಗವಾಗಿ ಹೊಂದಿದೆ) ಸಂಕ್ರಮಣ ಸಂಬಂಧ: ಮಿದುಳಿನ ಭಾಗದ ಭಾಗವೂ ಮಿದುಳಿನ ಭಾಗವೇ. ಸಂಕ್ರಮಣ ಸಂಬಂಧದ ಮೇಲೆ ‘ಸರಿಯಾಗಿ 2’, ‘ಹೆಚ್ಚೆಂದರೆ 2’ ಎಂಬ ಎಣಿಕೆ ಹಾಕುವುದನ್ನು ಹರ್ಮಿಟ್ ಬಳಸುವ ಔಲ್ 2 ಡಿಎಲ್ ನಿಷೇಧಿಸಿದೆ. ಎಲ್ಕ್ ಏಕೆ ಸುಮ್ಮನಿತ್ತು ಎಂದರೆ ಅದು ಕೆಲಸ ಮಾಡುವುದು ಔಲ್ 2 ಇಎಲ್ ಎಂಬ ಕಿರಿದಾದ ಭಾಗದಲ್ಲಿ. ಎಣಿಕೆ, ‘ಅಲ್ಲ’, ‘ಅಥವಾ’, ವಿಲೋಮ ಸಂಬಂಧ ಇವು ಯಾವುವೂ ಆ ಭಾಗದಲ್ಲಿಲ್ಲ. ಬೆಂಬಲವಿಲ್ಲದ ಸೂತ್ರಗಳನ್ನು ಅದು ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು ಬದಿಗಿಡುತ್ತದೆ. ಲಾಗ್ ಓದದಿದ್ದರೆ ‘ತೊಂದರೆ ಇಲ್ಲ’ ಎಂದು ನಮಗೆ ಅನಿಸುತ್ತದೆ. ಪ್ರತಿ ಸಲ ಆ ಎಚ್ಚರಿಕೆಗಳ ಸಂಖ್ಯೆ ಸೊನ್ನೆ ಇದೆಯೇ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಹೀಗೆಂದು ಎಲ್ಕ್ ಬಿಡಬೇಡಿ. ಅಂಗರಚನೆಯ ದೊಡ್ಡ ಆಂಟಾಲಜಿಗೆ ಬೇಕಾದ ‘ಯಾವುದಾದರೂ ಒಂದು’ ನಿರ್ಬಂಧ, ಸಂಕ್ರಮಣ, ಸಂಬಂಧಗಳ ಸರಪಳಿ, ವರ್ಗಗಳ ಛೇದ, ವರ್ಗಗಳು ಸೇರುವುದಿಲ್ಲ ಎಂಬ ಘೋಷಣೆ ಎಲ್ಲವೂ ಇಎಲ್‌ನಲ್ಲಿವೆ, ಅದರ ವೇಗಕ್ಕೆ ಹರ್ಮಿಟ್ ಹತ್ತಿರವೂ ಬರುವುದಿಲ್ಲ. ಎಣಿಕೆಯನ್ನು ತೆಗೆದು, ಎಡ ಹಿಪೊಕ್ಯಾಂಪಸ್, ಬಲ ಹಿಪೊಕ್ಯಾಂಪಸ್ ಎಂದು ಎರಡು ವರ್ಗ ಮಾಡಿ. ‘ಹಿಪೊಕ್ಯಾಂಪಸ್ ಮತ್ತು ಎಡ ಅರ್ಧಗೋಳದ ಭಾಗ’ ಎಂಬ ಛೇದ ಸಾಕು.

ಮುಖ್ಯ ವಿಷಯ ಇನ್ನೂ ಇದೆ. ಪಾರ್ಟ್ ಆಫ್ ಮತ್ತು ಹ್ಯಾಸ್ ಪಾರ್ಟ್ ನಿದರ್ಶನಗಳ ಮಟ್ಟದಲ್ಲಿ ಒಂದರ ವಿಲೋಮ ಇನ್ನೊಂದು. ವರ್ಗಗಳ ಮಟ್ಟದಲ್ಲಿ ಅಲ್ಲ. ‘ಪ್ರತಿ ಇಂಟರ್‌ಥಲಾಮಿಕ್ ಅಡ್ಹೀಶನ್ (ಎರಡು ಥಲಮಸ್‌ಗಳನ್ನು ಸೇರಿಸುವ ಪಟ್ಟಿ) ಯಾವುದಾದರೂ ಒಂದು ಮಿದುಳಿನ ಭಾಗ’ ಎಂಬುದು ಯಾವಾಗಲೂ ನಿಜ. ‘ಪ್ರತಿ ಮಿದುಳಿನಲ್ಲೂ ಇಂಟರ್‌ಥಲಾಮಿಕ್ ಅಡ್ಹೀಶನ್ ಇದೆ’ ಎಂಬುದು ಸುಳ್ಳು. ಆರೋಗ್ಯವಂತರಲ್ಲೇ ಎಷ್ಟೋ ಜನರಿಗೆ ಅದು ಇರುವುದಿಲ್ಲ. ಪ್ಯಾರಾಸಿಂಗ್ಯುಲೇಟ್ ಸಲ್ಕಸ್ ಕೂಡ ಹಾಗೆಯೇ: ಕೆಲವು ಅರ್ಧಗೋಳಗಳಲ್ಲಿ ಸ್ಪಷ್ಟ, ಕೆಲವರಲ್ಲಿ ಇಲ್ಲವೇ ಇಲ್ಲ. ಮನೋರೋಗದ ಸಂಶೋಧನೆಯಲ್ಲಿ ಇವೆರಡೂ ಗಮನ ಸೆಳೆಯುವುದು ‘ಇದೆಯೋ ಇಲ್ಲವೋ’ ಎಂಬ ಕಾರಣಕ್ಕೇ. ಅದನ್ನೇ ಪ್ರತಿ ಮಿದುಳಿನಲ್ಲೂ ಇದೆ ಎಂದು ಸೂತ್ರ ಬರೆದುಬಿಟ್ಟರೆ ಅಧ್ಯಯನ ಮಾಡಬೇಕಾದ ವ್ಯತ್ಯಾಸವನ್ನೇ ಅಳಿಸಿದಂತೆ. ಆದ್ದರಿಂದ ಪಾರ್ಟ್ ಆಫ್ ಅನ್ನು ಧಾರಾಳವಾಗಿ ಬರೆಯಿರಿ, ಹ್ಯಾಸ್ ಪಾರ್ಟ್ ಅನ್ನು ಕೈ ಬಿಗಿಹಿಡಿದು ಬರೆಯಿರಿ.

ಶಸ್ತ್ರಚಿಕಿತ್ಸೆ ಆದ ವ್ಯಕ್ತಿಯ ವಿಚಾರವೂ ಇಲ್ಲಿಗೇ ಬರುತ್ತದೆ. ‘ಪ್ರತಿ ಮಿದುಳಿನಲ್ಲೂ ಎಡ ಹಿಪೊಕ್ಯಾಂಪಸ್ ಇದೆ’ ಎಂಬ ಸೂತ್ರ ಇದ್ದು, ಆ ವ್ಯಕ್ತಿಯ ದಾಖಲೆಯಲ್ಲಿ ಎಡ ಹಿಪೊಕ್ಯಾಂಪಸ್ ಬರೆಯದೆ ಬಿಟ್ಟರೆ, ರೀಸನರ್ ‘ಇದೆ, ನಮಗೆ ಹೆಸರು ಗೊತ್ತಿಲ್ಲ ಅಷ್ಟೆ’ ಎಂದು ತೀರ್ಮಾನಿಸುತ್ತದೆ. ಔಲ್‌ನಲ್ಲಿ ಬರೆಯದೇ ಇರುವುದು ಇಲ್ಲ ಎಂದಲ್ಲ. ‘ಇಲ್ಲ’ ಎಂದು ಸ್ಪಷ್ಟವಾಗಿ ಬರೆದರೆ ಹರ್ಮಿಟ್ ಇಡೀ ಆಂಟಾಲಜಿಯನ್ನೇ ವಿಸಂಗತ ಎನ್ನುತ್ತದೆ. ದಾರಿ ಇದು: ಎಫ್‌ಎಂಎ ಮೊದಲಿನಿಂದಲೂ ಹೇಳುವಂತೆ, ಪಠ್ಯದ ಅಂಗರಚನೆ ಆದರ್ಶ ದೇಹದ್ದು. ಹ್ಯಾಸ್ ಪಾರ್ಟ್ ಸೂತ್ರಗಳೆಲ್ಲ ‘ಆದರ್ಶ ಮಿದುಳು’ ಎಂಬ ಉಪವರ್ಗದ ಮೇಲೆ ಮಾತ್ರ ಇರಲಿ. ರೋಗಿಯ ಮಿದುಳು ಬರೀ ‘ಮಿದುಳು’ ವರ್ಗದ ನಿದರ್ಶನವಾಗಲಿ. ತೆಗೆದದ್ದನ್ನು ಶಸ್ತ್ರಚಿಕಿತ್ಸೆಯ ದಾಖಲೆಯಾಗಿ, ದಿನಾಂಕದೊಂದಿಗೆ, ಯಾವ ಅಂಗರಚನೆಯ ವರ್ಗದ ಬಗ್ಗೆ ಎಂಬ ಕೊಂಡಿಯೊಂದಿಗೆ ಇಡಿ.

ನರನಕ್ಷೆ

ಎಲ್ಲರಿಗೂ ಧನ್ಯವಾದ. ಸಮಾನ ವರ್ಗದ ಸೂತ್ರಗಳನ್ನೆಲ್ಲ ತೆಗೆದ ಮೇಲೆ ಕೆಂಪು ಹೋಯಿತು. ಮೂರನೆಯದು ಉಳಿದಿದೆ. ಉಪವರ್ಗದ ಸೂತ್ರ ಬೇಡ ಎಂದರೆ ‘ಸ್ಕಿಜೋಫ್ರೀನಿಯಾ ಯಾವ ಯಾವ ಭಾಗಗಳಿಗೆ ಸಂಬಂಧಿಸಿದೆ’ ಎಂಬ ಹುಡುಕಾಟಕ್ಕೆ ಉತ್ತರ ಎಲ್ಲಿಂದ ಬರಬೇಕು?

ಉತ್ತರ 4 · ಪುರಾವೆ ಮೊದಲು

ಸೂತ್ರವಾಗಿ ಬರೆದರೆ ಏನಾಗುತ್ತದೆ ಎಂಬುದನ್ನು ಸಂಖ್ಯೆಯಲ್ಲೇ ನೋಡಿ. ಎನಿಗ್ಮಾ ಒಕ್ಕೂಟದ 2016ರ ಅಧ್ಯಯನದಲ್ಲಿ ಸ್ಕಿಜೋಫ್ರೀನಿಯಾ ಇದ್ದ 2,028 ಜನ, ಇಲ್ಲದ 2,540 ಜನ. ಹಿಪೊಕ್ಯಾಂಪಸ್ ಘನಗಾತ್ರದ ವ್ಯತ್ಯಾಸ ಕೋಹೆನ್‌ನ ಡಿ (ಸರಾಸರಿಗಳ ಅಂತರವನ್ನು ಹರವಿನಿಂದ ಭಾಗಿಸಿದ್ದು) ಲೆಕ್ಕದಲ್ಲಿ –0.46, ಆ ಅಧ್ಯಯನದ ಕಾರ್ಟೆಕ್ಸ್ ಕೆಳಗಿನ ರಚನೆಗಳಲ್ಲೆಲ್ಲ ಅತಿ ದೊಡ್ಡದು. ಎರಡೂ ಗುಂಪಿನ ಹಂಚಿಕೆ ಸಾಮಾನ್ಯ ವಕ್ರರೇಖೆಯದು, ಹರವು ಒಂದೇ ಎಂದುಕೊಂಡರೆ, –0.46 ಎಂದರೆ ಎರಡು ವಕ್ರರೇಖೆಗಳು ಸುಮಾರು ಶೇ 82ರಷ್ಟು ಒಂದರ ಮೇಲೊಂದು ಬೀಳುತ್ತವೆ. ಅದೇ ವರ್ಷದ ತೀವ್ರ ಖಿನ್ನತೆಯ ಅಧ್ಯಯನದಲ್ಲಿ 1,728 ರೋಗಿಗಳು, 7,199 ಇತರರು, ಹಿಪೊಕ್ಯಾಂಪಸ್‌ಗೆ –0.14. ಅಲ್ಲಿ ಅತಿವ್ಯಾಪ್ತಿ ಸುಮಾರು ಶೇ 94. ಇದನ್ನು ‘ಪ್ರತಿಯೊಬ್ಬ ರೋಗಿಗೂ’ ಎಂದು ಓದಿಕೊಳ್ಳುವ ಸೂತ್ರವಾಗಿಸುವುದು ತರ್ಕದ ತಪ್ಪಷ್ಟೇ ಅಲ್ಲ, ರೋಗಿಯ ಬಗ್ಗೆ ಸುಳ್ಳು ಹೇಳಿದಂತೆ. ಆ ದಾಖಲೆ ಮುಂದೆ ಯಾರ ಕೈಗೆ ಹೋಗುತ್ತದೋ ಗೊತ್ತಿರುವುದಿಲ್ಲ. ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಬದಲಿಗೆ ಪ್ರತಿ ಫಲಿತಾಂಶವೂ ತಾನೇ ಒಂದು ನಿದರ್ಶನವಾಗಲಿ. ಅದಕ್ಕೆ ಕಡ್ಡಾಯವಾಗಿ ಇರಬೇಕಾದವು:

– ಏನನ್ನು ಅಳೆದರು. ಘನಗಾತ್ರವೇ, ದಪ್ಪವೇ, ಮೇಲ್ಮೈ ವಿಸ್ತೀರ್ಣವೇ. ಕಾರ್ಟೆಕ್ಸ್‌ನಲ್ಲಿ ಘನಗಾತ್ರ ಉಳಿದೆರಡರ ಫಲ, ಹಾಗಾಗಿ ‘ಕಡಿಮೆ’ ಎಂಬ ಒಂದೇ ಪದದಡಿ ಮೂರನ್ನೂ ಹಾಕಬೇಡಿ. ಗುಣದ ವರ್ಗಗಳಿಗೆ ಪ್ಯಾಟೊ ಎಂಬ ಗುಣಗಳ ಆಂಟಾಲಜಿ ಬಳಸಿ.
– ಯಾವ ಅಟ್ಲಾಸ್ ಗುರುತು, ಯಾವ ಪಾರ್ಶ್ವ, ತಂತ್ರಾಂಶದ ಯಾವ ಆವೃತ್ತಿ. ಫಲಿತಾಂಶ ಗುರುತಿಗೆ ಕಟ್ಟಲಿ, ಗುರುತು ಅಂಗರಚನೆಗೆ ಕಟ್ಟಲಿ. ನೇರವಾಗಿ ಅಂಗರಚನೆಗೆ ಹಾರಬೇಡಿ.
– ಯಾವ ಯಾವ ಗುಂಪು, ಎಷ್ಟೆಷ್ಟು ಜನ, ಪರಿಣಾಮದ ಗಾತ್ರ, ಅದರ ಚಿಹ್ನೆಯ ದಿಕ್ಕು, ವಿಶ್ವಾಸಾಂತರ.
– ತಲೆಬುರುಡೆಯ ಒಳಗಾತ್ರ, ವಯಸ್ಸು, ಲಿಂಗ ಇವುಗಳಿಗೆ ಹೊಂದಿಸಿದ್ದಾರೆಯೇ. ಒಳಗಾತ್ರಕ್ಕೆ ಹೊಂದಿಸಿದ್ದನ್ನೂ ಹೊಂದಿಸದ್ದನ್ನೂ ಒಂದೇ ರಾಶಿಗೆ ಹಾಕಿದರೆ ಎಲ್ಲ ಕೆಟ್ಟಂತೆ.
– ರೋಗನಿರ್ಣಯದ ಮಾನದಂಡ. ಡಿಎಸ್‌ಎಂ (ಅಮೆರಿಕದ ಮನೋರೋಗ ಕೈಪಿಡಿ) ಅಥವಾ ಐಸಿಡಿ (ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ).

ಕೊನೆಯದಕ್ಕೆ ಒಂದು ಮಾತು. ಮನೋರೋಗಗಳ ಭೌತಿಕ ಆಧಾರ ಇಂಥದ್ದೇ ಎಂದು ಇನ್ನೂ ತೀರ್ಮಾನವಾಗಿಲ್ಲ. ರೋಗವನ್ನು ಯಾವುದೋ ಮಿದುಳು ಭಾಗದ ದೋಷದಲ್ಲಿ ನೆಲೆಗೊಳಿಸುವ ಸೂತ್ರವನ್ನು ದತ್ತಾಂಶ ಸಮರ್ಥಿಸುವುದಿಲ್ಲ. ನಮ್ಮ ಕೈಯಲ್ಲಿರುವುದು ರೋಗನಿರ್ಣಯ ಮಾತ್ರ, ಅದೂ ಒಂದು ಮಾನದಂಡದ ಪ್ರಕಾರ. ಆದ್ದರಿಂದ ‘ಡಿಎಸ್‌ಎಂ-5ರ ಪ್ರಕಾರ ಸ್ಕಿಜೋಫ್ರೀನಿಯಾ ನಿರ್ಣಯ ಪಡೆದವರ ಗುಂಪು’ ಎಂದೇ ಬರೆಯಿರಿ. ಹಳೆಯ ದತ್ತಾಂಶದಲ್ಲಿ ಐಸಿಡಿ-10ರ ಎಫ್20.0, ಅಂದರೆ ಪ್ಯಾರನಾಯ್ಡ್ ಬಗೆ, ಇರುತ್ತದೆ. 2013ರ ಡಿಎಸ್‌ಎಂ-5, 2022ರಲ್ಲಿ ಜಾರಿಗೆ ಬಂದ ಐಸಿಡಿ-11 ಎರಡೂ ಆ ಉಪಬಗೆಗಳನ್ನು ಕೈಬಿಟ್ಟಿವೆ. ಎಫ್20.0ಯಿಂದ ಐಸಿಡಿ-11ರ ಸ್ಕಿಜೋಫ್ರೀನಿಯಾ ಸಂಕೇತ 6ಎ20ಗೆ ಹೋಗುವ ಕೊಂಡಿ ‘ಸಂಕುಚಿತದಿಂದ ವಿಶಾಲಕ್ಕೆ’ ಹೋಗುವ ಕೊಂಡಿ, ಸಮಾನ ಅಲ್ಲ.

ಹುಡುಕಾಟಕ್ಕೆ ಉತ್ತರ ಹೀಗೆ ಬರುತ್ತದೆ: ಈ ನಿರ್ಣಯದ ಗುಂಪಿನ ಬಗ್ಗೆ ಇರುವ ಫಲಿತಾಂಶಗಳು, ಅವುಗಳ ಗುರುತುಗಳು, ಆ ಗುರುತುಗಳು ಯಾವುದರ ಭಾಗ. ಆದರೆ ಭಾಗದಿಂದ ಪೂರ್ಣಕ್ಕೆ ಏನು ಏರುತ್ತದೆ, ಏನು ಏರುವುದಿಲ್ಲ ಎಂಬುದನ್ನು ಒಂದೊಂದು ಬಗೆಯ ಹೇಳಿಕೆಗೂ ಬೇರೆಯಾಗಿ ನಿರ್ಧರಿಸಬೇಕು.

ಸ್ಥಾನ ಏರುತ್ತದೆ. ಗಾಯ ಸಿಎ1ರಲ್ಲಿದ್ದರೆ ಅದು ಹಿಪೊಕ್ಯಾಂಪಸ್‌ನಲ್ಲೂ ಇದೆ, ಮಿದುಳಿನಲ್ಲೂ ಇದೆ. ‘ಘನಗಾತ್ರ ಕಡಿಮೆ’ ಏರುವುದೂ ಇಲ್ಲ, ಇಳಿಯುವುದೂ ಇಲ್ಲ: ಸಿಎ1 ಕುಗ್ಗಿದರೂ ಇಡೀ ರಚನೆಯ ಅಳತೆ ಬದಲಾಗದಿರಬಹುದು, ಇಡೀ ರಚನೆ ಕುಗ್ಗಿದ್ದರೂ ಯಾವ ತುಂಡು ಎಂದು ಹೇಳಲಾಗದು. ‘ವ್ಯತ್ಯಾಸ ಕಂಡುಬರಲಿಲ್ಲ’ ಎಂಬುದು ಕೆಳಗೆ ಇಳಿಯುವುದಿಲ್ಲ. ‘ಪೂರ್ತಿ ತೆಗೆದಿದೆ’ ಎಂಬುದು ಮಾತ್ರ ಕೆಳಗೆ ಇಳಿಯುತ್ತದೆ, ಏರುವುದಿಲ್ಲ. ಈ ನಾಲ್ಕು ಸಾಲು ಬರೆದು ಗೋಡೆಗೆ ಅಂಟಿಸಿಕೊಂಡರೂ ನಷ್ಟವಿಲ್ಲ.

ಉತ್ತರ 5 · ಸರಪಳಿ

ಸ್ಪಾರ್ಕಲ್ ಎಂಬ ಹುಡುಕಾಟದ ಭಾಷೆಯಲ್ಲಿ ಹುಡುಕುವಾಗ ಆಗುವ ಒಂದು ತಪ್ಪು ಯಾರೂ ಹೇಳಲಿಲ್ಲ. ವರ್ಗ ಮಟ್ಟದ ‘ಯಾವುದಾದರೂ ಒಂದರ ಭಾಗ’ ಎಂಬ ಸೂತ್ರ ಕಡತದಲ್ಲಿ ನೇರ ಕೊಂಡಿಯಾಗಿ ಇರುವುದಿಲ್ಲ, ಹೆಸರಿಲ್ಲದ ಒಂದು ನಿರ್ಬಂಧದ ಗಂಟಿನ ಮೂಲಕ ಹೋಗುತ್ತದೆ. ಕೆಲವರು ಉಪವರ್ಗ, ಅಲ್ಲಿಂದ ನಿರ್ಬಂಧದ ಗುರಿ, ಮತ್ತೆ ಉಪವರ್ಗ ಎಂದು ದಾರಿಯನ್ನು ಎಷ್ಟು ಸಲ ಬೇಕಾದರೂ ತಿರುಗಲು ಬಿಡುತ್ತಾರೆ, ನಿರ್ಬಂಧ ಯಾವ ಸಂಬಂಧದ್ದು ಎಂದು ನೋಡುವುದೇ ಇಲ್ಲ. ಆಗ ‘ಪಕ್ಕದಲ್ಲಿದೆ’, ‘ಇದರಿಂದ ಬೆಳೆಯುತ್ತದೆ’ ಎಂಬ ಸಂಬಂಧಗಳನ್ನೂ ತುಳಿದುಕೊಂಡು ಹೋಗಿ ಅಮಿಗ್ಡಲಾ ಹಿಪೊಕ್ಯಾಂಪಸ್‌ನ ಭಾಗವೆಂದು ಉತ್ತರ ಬರುತ್ತದೆ. ಪ್ರತಿ ಹೆಜ್ಜೆಯಲ್ಲೂ ಸಂಬಂಧವನ್ನು ಪರೀಕ್ಷಿಸಿ. ಇದಕ್ಕಿಂತ ಒಳ್ಳೆಯದು, ರಿಲೇಶನ್-ಗ್ರಾಫ್ ಸಾಧನದಿಂದ ಎಲ್ಲ ಪಾರ್ಟ್ ಆಫ್ ಜೋಡಿಗಳನ್ನು ಮೊದಲೇ ಬಿಡಿಸಿ ನೇರ ಕೊಂಡಿಯಾಗಿ ಇಟ್ಟುಕೊಳ್ಳುವುದು.

ಯೂಬೆರಾನ್‌ನಿಂದ ಬೇಕಾದಷ್ಟೇ ತುಂಡು ತೆಗೆಯುವಾಗ ರೋಬಾಟ್‌ನ ‘ಎಕ್ಸ್‌ಟ್ರಾಕ್ಟ್’ ಆಜ್ಞೆಗೆ ‘ಬಾಟ್’ ವಿಧಾನ ಕೊಡಿ. ‘ಮಿರಿಯೊಟ್’ ವಿಧಾನ ವರ್ಗಗಳ ಏಣಿಯನ್ನು ಮಾತ್ರ ತರುತ್ತದೆ, ಪಾರ್ಟ್ ಆಫ್ ಸೂತ್ರಗಳು ಅಲ್ಲೇ ಉಳಿದುಬಿಡುತ್ತವೆ. ಮಿದುಳಿನ ವಿಷಯದಲ್ಲಿ ಬೆನ್ನೆಲುಬೇ ಅದು. ದಿನಾಂಕ ಇರುವ ಬಿಡುಗಡೆಯ ವಿಳಾಸವನ್ನೇ ಬಳಸಿ. ಹೊಸ ಬಿಡುಗಡೆಗೆ ಹೋಗುವಾಗ ರದ್ದಾದ ವರ್ಗಗಳ ಪಟ್ಟಿ ತೆಗೆದು, ‘ಬದಲಿಗೆ ಇದು’ ಎಂಬ ಟಿಪ್ಪಣಿ ನೋಡಿ ಬದಲಿಸಿ.

ಯೂಬೆರಾನ್ ಅಥವಾ ಎಫ್‌ಎಂಎ ಎಂಬ ಪ್ರಶ್ನೆಗೆ: ಎಫ್‌ಎಂಎಯಲ್ಲಿ ಸುಮಾರು 75,000 ವರ್ಗ, 21 ಲಕ್ಷಕ್ಕೂ ಹೆಚ್ಚು ಸಂಬಂಧಗಳು, ಎಡ-ಬಲ ಬೇರೆ ಬೇರೆ, ನ್ಯೂರೋನೇಮ್ಸ್ ಎಂಬ ಮಿದುಳು ಪದಪಟ್ಟಿಯ ಹೆಸರುಗಳೂ ಅದರೊಳಗೆ ಸೇರಿವೆ. ಮನುಷ್ಯರ ಎಂಆರ್‌ಐ ಮಾತ್ರ ಇದ್ದರೆ ಅದರ ಸೂಕ್ಷ್ಮತೆ ಆಸೆ ಹುಟ್ಟಿಸುತ್ತದೆ. ಆದರೆ ಅದು ಹುಟ್ಟಿದ್ದು ಫ್ರೇಮ್ ಶೈಲಿಯಲ್ಲಿ, ಔಲ್‌ಗೆ ಪೂರ್ತಿ ಬದಲಾಯಿಸಿ ರೀಸನರ್‌ಗೆ ಕೊಡುವುದು ಭಾರ. ಇಲಿಯ ಅಧ್ಯಯನ, ಜೀನ್ ಅಭಿವ್ಯಕ್ತಿ, ಜೀವಕೋಶದ ಬಗೆ ಇವುಗಳಿಗೆ ಮುಂದೆ ಕೊಂಡಿ ಬೇಕಾದರೆ ಯೂಬೆರಾನ್ ಬಿಡಬೇಡಿ. ಎಫ್‌ಎಂಎ ಗುರುತುಗಳನ್ನು ಹೊಂದಾಣಿಕೆ ಕೋಷ್ಟಕದಲ್ಲಿ ಇಟ್ಟುಕೊಂಡರೆ ಸಾಕು. ಕೋಷ್ಟಕಕ್ಕೆ ಎಸ್‌ಎಸ್‌ಎಸ್‌ಒಎಂ ರೂಪ ಬಳಸಿ: ಯಾವುದು, ಯಾವ ಸಂಬಂಧ, ಯಾವುದಕ್ಕೆ, ಆಧಾರ ಏನು, ಎಷ್ಟು ವಿಶ್ವಾಸ. ಸ್ಕೋಸ್ ಎಂಬ ಪದಪಟ್ಟಿ ಮಾನಕದ ‘ಬ್ರಾಡ್ ಮ್ಯಾಚ್’ ಸಂಬಂಧದ ದಿಕ್ಕು ಹಲವರಿಗೆ ಉಲ್ಟಾ ಆಗುತ್ತದೆ. ಸಾಲಿನ ಎರಡನೆಯದು ವಿಶಾಲವಾದದ್ದು.

ಉತ್ತರ 6 · ಪದರಗೆರೆ

ಸರಪಳಿಯವರ ಮಾತು ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ಎಸ್‌ಎಸ್‌ಎಸ್‌ಒಎಂ ಕೋಷ್ಟಕದಲ್ಲಿ ಭಾಗ-ಪೂರ್ಣದ ಸಂಬಂಧವನ್ನು ಬ್ರಾಡ್ ಮ್ಯಾಚ್ ಎಂದು ಬರೆಯುವ ಚಾಳಿ ಇದೆ. ಅದು ಬೇಡ. ಪರಿಕಲ್ಪನೆ ವಿಶಾಲವಾಗುವುದೂ ಜಾಗ ವಿಶಾಲವಾಗುವುದೂ ಬೇರೆ. ಭಾಗವಿದ್ದರೆ ಬಿಎಫ್‌ಒ 0000050 (ಪಾರ್ಟ್ ಆಫ್) ಎಂದು ನೇರವಾಗಿ ಬರೆಯಿರಿ, ಸಂಬಂಧದ ಕಾಲಂನಲ್ಲಿ ಅದಕ್ಕೆ ಅವಕಾಶವಿದೆ.

ನರಕೋಶ, ಸಂಪರ್ಕ ಸೇರಿಸುವ ದಿನ ಬಂದಾಗ ನೆನಪಿಡಬೇಕಾದ್ದು: ವೆಂಟ್ರಲ್ ಟೆಗ್‌ಮೆಂಟಲ್ ಏರಿಯಾದ ಡೋಪಮಿನ್ ನರಕೋಶದ ದೇಹ ನಡುಮಿದುಳಿನಲ್ಲಿ, ತುದಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ನಲ್ಲಿ. ಆ ಕೋಶ ಎರಡರಲ್ಲಿ ಯಾವುದರ ಭಾಗವೂ ಅಲ್ಲ, ಎರಡನ್ನೂ ಓವರ್‌ಲ್ಯಾಪ್ ಮಾಡುತ್ತದೆ. ದೇಹದ ಸ್ಥಾನಕ್ಕೆ ಆರ್‌ಒ (ಸಂಬಂಧಗಳ ಆಂಟಾಲಜಿ) 0002100, ತುದಿಗೆ ಬೇರೆ ಸಂಬಂಧ. ಎಫ್‌ಎಂಆರ್‌ಐನ ಕಾರ್ಯ-ಸಂಪರ್ಕವನ್ನು ಈ ಸಂಬಂಧಗಳಲ್ಲಿ ಬರೆಯಲೇಬೇಡಿ, ಅದು ಎರಡು ಸಂಕೇತಗಳ ಸಹಸಂಬಂಧ ಮಾತ್ರ. ಡಿಫ್ಯೂಷನ್ ಎಂಆರ್‌ಐ ನಾರಿನ ದಾರಿ ತೋರಿಸುತ್ತದೆ, ಯಾವ ಕಡೆಯಿಂದ ಯಾವ ಕಡೆಗೆ ಎಂದು ತೋರಿಸುವುದಿಲ್ಲ. ಪೆಟ್ ಸ್ಕ್ಯಾನ್ ಅಧ್ಯಯನಗಳ ‘ಅಸೋಸಿಯೇಟಿವ್ ಸ್ಟ್ರಯೇಟಮ್’ ಕಾಡೇಟ್, ಪ್ಯುಟಮೆನ್ ಎರಡಕ್ಕೂ ಅಡ್ಡಡ್ಡ ಹಾಯುತ್ತದೆ, ಅದನ್ನು ಯಾವ ಒಂದಕ್ಕೂ ಪಾರ್ಟ್ ಆಫ್ ಮಾಡಲಾಗದು.

ಪರೀಕ್ಷೆಗೆ 20 ಪ್ರಶ್ನೆಗಳ ಪಟ್ಟಿ ಮಾಡಿಕೊಳ್ಳಿ, ಅರ್ಧ ‘ಬರಲೇಬೇಕಾದ’ ಉತ್ತರಗಳು, ಅರ್ಧ ‘ಬರಲೇಬಾರದ’ವು. ಬರಲೇಬಾರದವನ್ನು ರೋಬಾಟ್‌ನ ‘ವೆರಿಫೈ’ ಆಜ್ಞೆಗೆ ಕೊಟ್ಟರೆ ಒಂದು ಸಾಲು ಉತ್ತರ ಬಂದರೂ ಬಿಲ್ಡ್ ನಿಲ್ಲುತ್ತದೆ. ಮೊದಲ ಮೂರು ಇವಾಗಲಿ: ಅಮಿಗ್ಡಲಾ ಹಿಪೊಕ್ಯಾಂಪಲ್ ಫಾರ್ಮೇಶನ್‌ನ ಭಾಗವೇ? 17ನೇ ಗುರುತು ಅಮನ್ಸ್ ಹಾರ್ನ್‌ಗೆ ಸಮಾನವೇ? ಸ್ಕಿಜೋಫ್ರೀನಿಯಾ ನಿರ್ಣಯ ಪಡೆದ, ಸ್ಕ್ಯಾನ್ ದಾಖಲೆಯೇ ಇಲ್ಲದ ವ್ಯಕ್ತಿಗೆ ಘನಗಾತ್ರದ ಯಾವುದಾದರೂ ಲಕ್ಷಣ ಅಂಟಿದೆಯೇ?